ಹಗಲು ಹಾಲು ಬೇಡ, ರಾತ್ರಿಯೆಲ್ಲಾ ಬೇಕು: ನಾಲ್ಕೂವರೆ ತಿಂಗಳ ಮಗುವಿನ ದಿನಚರಿ ಸರಿಮಾಡುವುದು ಹೇಗೆ?

ಚಿಗುರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ನಾಲ್ಕೂವರೆ ತಿಂಗಳು. ಪೂರ್ತಿ ಎದೆಹಾಲೇ. ಮೂರು ತಿಂಗಳಿದ್ದಾಗ ರಾತ್ರಿ ಮಲಗಿದರೆ ಒಂದೇ ಸಲ ನಾಲ್ಕೈದು ಗಂಟೆ ನಿದ್ದೆ ಮಾಡುತ್ತಿದ್ದಳು. ಈಗ ಒಂದೂವರೆ ಗಂಟೆಗೊಮ್ಮೆ ಎದ್ದು ಅಳುತ್ತಾಳೆ, ಎದೆ ಕೊಟ್ಟರೆ ಮಾತ್ರ ಮತ್ತೆ ಕಣ್ಣು ಮುಚ್ಚುತ್ತಾಳೆ. ಹಗಲು ನೋಡಿದರೆ ಪೂರ್ತಿ ಉಲ್ಟಾ. ಎರಡು ನಿಮಿಷ ಕುಡಿಯುತ್ತಾಳೆ, ಅಷ್ಟರಲ್ಲಿ ಯಾರಾದರೂ ಬಾಗಿಲು ತೆಗೆದರೆ ಸಾಕು, ತೊಟ್ಟನ್ನು ಬಾಯಲ್ಲಿಟ್ಟುಕೊಂಡೇ ಕತ್ತು ಆ ಕಡೆ ತಿರುಗಿಸುತ್ತಾಳೆ. ನೋವಿಗೆ ಕಣ್ಣಲ್ಲಿ ನೀರು ಬರುತ್ತದೆ. ಮತ್ತೆ ಹಾಕಿದರೆ ನನ್ನ ಮುಖ ನೋಡಿ ನಗುತ್ತಾಳೆ, ಕುಡಿಯುವುದಿಲ್ಲ.

ಹಗಲು ನಿದ್ದೆಯೂ ಅಷ್ಟೇ. ಅರ್ಧ ಗಂಟೆ, ಜಾಸ್ತಿ ಅಂದರೆ ನಲವತ್ತು ನಿಮಿಷ. ಮುಂದಿನ ತಿಂಗಳ ಕೊನೆಗೆ ನಾನು ಕೆಲಸಕ್ಕೆ ವಾಪಸ್ ಹೋಗಬೇಕು. ರಾತ್ರಿ ಹಾಲು ಕೊಡುವುದನ್ನೇ ನಿಲ್ಲಿಸಿದರೆ ಹಗಲು ಕುಡಿಯುತ್ತಾಳೆ ಎಂದು ಒಬ್ಬರು ಹೇಳಿದರು. ನಿಜವಾ? ಅಳಿಸಿ ಮಲಗಿಸುವುದು ನನ್ನಿಂದ ಆಗದ ಮಾತು. ಬೇರೆ ದಾರಿ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಇಬ್ಬರ ತಾಯಿ

ಚಿಗುರು, ಮೊದಲು ಕೆಲವು ವಿಷಯ ಹೇಳಿ, ಆಮೇಲೆ ದಿನಚರಿ ಮಾತಾಡೋಣ. ದಿನಕ್ಕೆ ಎಷ್ಟು ಡೈಪರ್ ಒದ್ದೆಯಾಗುತ್ತದೆ? ಕಳೆದ ಸಲ ತೂಕ ನೋಡಿದಾಗ ಏರಿತ್ತಾ? ಜ್ವರ, ಮೂಗು ಕಟ್ಟುವುದು, ಕುಡಿಯುವಾಗ ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಅಳುವುದು, ಇಂಥದ್ದೇನಾದರೂ ಇದೆಯಾ? ಅವಧಿಗೆ ಮುಂಚೆ ಹುಟ್ಟಿದ ಮಗುವಾ?

ಚಿಗುರು

ಅವಧಿ ತುಂಬಿಯೇ ಹುಟ್ಟಿದ್ದು ಅಕ್ಕ. ಡೈಪರ್ ಆರು ಏಳು ಚೆನ್ನಾಗಿ ಒದ್ದೆಯಾಗುತ್ತವೆ. ತೂಕ ಹುಟ್ಟಿದಾಗಿನದರ ಎರಡರಷ್ಟು ಹತ್ತಿರ ಬಂದಿದೆ, ಡಾಕ್ಟರು ಖುಷಿಯಾಗಿದ್ದರು. ಜ್ವರ ಇಲ್ಲ, ಆಟ ಆಡಿಕೊಂಡು ಚೆನ್ನಾಗಿದ್ದಾಳೆ. ಈಚೆಗೆ ಮಗುಚಿಕೊಳ್ಳುವುದನ್ನು ಕಲಿಯುತ್ತಿದ್ದಾಳೆ.

ಇಬ್ಬರ ತಾಯಿ

ಹಾಗಾದರೆ ಗಾಬರಿ ಬೇಡ. ಮಗುವಿಗೆ ಒಟ್ಟು ಹಾಲು ಸಾಕಾಗುತ್ತಿದೆ, ಹೊತ್ತು ಮಾತ್ರ ಅದಲುಬದಲಾಗಿದೆ. ನಾಲ್ಕು ತಿಂಗಳಾದ ಮೇಲೆ ಮಕ್ಕಳಿಗೆ ಕಣ್ಣು ಕಿವಿ ಎಲ್ಲಾ ಚುರುಕಾಗುತ್ತವೆ. ಫ್ಯಾನು, ಪರದೆ, ಮಾತಿನ ಸದ್ದು, ಎಲ್ಲವೂ ಹಾಲಿಗಿಂತ ಮುಖ್ಯ. ಹಗಲು ತಪ್ಪಿಸಿಕೊಂಡ ಹಾಲನ್ನು ಕತ್ತಲಲ್ಲಿ, ಏನೂ ಕಾಣದ ಕೇಳದ ಹೊತ್ತಲ್ಲಿ, ಸಮಾಧಾನವಾಗಿ ವಸೂಲಿ ಮಾಡುತ್ತಾರೆ. ರಾತ್ರಿ ಹೊಟ್ಟೆ ತುಂಬಿದರೆ ಬೆಳಿಗ್ಗೆ ಹಸಿವು ಕಡಿಮೆ. ಹಸಿವು ಕಡಿಮೆಯಾದರೆ ಹಗಲು ಇನ್ನಷ್ಟು ಆಟ. ಹೀಗೇ ಸುತ್ತುತ್ತದೆ.

ನಿಮಗೆ ಸಿಕ್ಕ ಸಲಹೆಯನ್ನು ನಾನು ಒಪ್ಪುವುದಿಲ್ಲ. ರಾತ್ರಿ ಹಾಲು ಮೊದಲು ಕಡಿಮೆ ಮಾಡಿದರೆ ಮಗು ಹಸಿದು ಅಳುತ್ತದೆ, ನಿಮ್ಮ ಎದೆ ಬಿಗಿಯುತ್ತದೆ, ಇಬ್ಬರಿಗೂ ಕಷ್ಟ. ಮೊದಲು ಹಗಲು ತುಂಬಿಸಿ. ಹಗಲು ತುಂಬುತ್ತಿದೆ ಎಂದು ಡೈಪರ್ ನೋಡಿ ಗೊತ್ತಾದ ಮೇಲೆ ರಾತ್ರಿಗೆ ಕೈ ಹಾಕಿ. ಈ ಕ್ರಮ ತಿರುಗಿಸಬೇಡಿ, ಇದನ್ನೇ ನಾನು ಎಲ್ಲರಿಗೂ ಹೇಳುವುದು.

ಹಗಲು ಹೇಗೆ ತುಂಬಿಸುವುದು? ನಿದ್ದೆಯಿಂದ ಎದ್ದ ತಕ್ಷಣ, ಕಣ್ಣು ಇನ್ನೂ ಪೂರ್ತಿ ಬಿಡದಿರುವಾಗ, ಎತ್ತಿಕೊಂಡು ಅದೇ ಕೋಣೆಯಲ್ಲಿ ಕುಡಿಸಿ. ಹೊರಗೆ ತಂದು ಎಲ್ಲರನ್ನೂ ತೋರಿಸಿದ ಮೇಲೆ ಕುಡಿಸಲು ಹೋದರೆ ಆಗುವುದಿಲ್ಲ. ಪರದೆ ಎಳೆದು, ಫೋನು ದೂರ ಇಟ್ಟು, ನೀವೂ ಮಾತಾಡದೆ ಕೂರಬೇಕು. ಮಕ್ಕಳು ಕುಡಿಯುವಾಗ ಕೈ ಸುಮ್ನೆ ಇರುವುದಿಲ್ಲ, ಆ ಕೈಗೆ ಒಂದು ಮೆತ್ತನೆ ಬಟ್ಟೆ ಕೊಟ್ಟರೆ ಗಮನ ಅಲ್ಲೇ ನಿಲ್ಲುತ್ತದೆ. ಮಗು ತಿರುಗಿದರೆ ಎಳೆಯುವುದಕ್ಕೆ ಬಿಡಬೇಡಿ, ಬಾಯಿಯ ಮೂಲೆಗೆ ಕಿರುಬೆರಳು ಹಾಕಿ ಹಿಡಿತ ಬಿಡಿಸಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡಿ. ಎರಡು ಸಲ ಬೇಡ ಅಂದರೆ ಬಿಟ್ಟುಬಿಡಿ, ಬಲವಂತ ಮಾಡಿದರೆ ಎದೆ ಕಂಡರೇ ಅಳುವುದು ಶುರುವಾಗುತ್ತದೆ.

ಹಗಲು ಎರಡೂವರೆ ಮೂರು ಗಂಟೆಗೊಮ್ಮೆ ಹೀಗೆ ಕರೆದು ಕೊಡಿ. ಮಗು ಅತ್ತ ಮೇಲೆ ಕೊಡೋಣ ಎಂದು ಕಾಯಬೇಡಿ, ಆಟದಲ್ಲಿದ್ದಾಗ ಹಸಿವು ಅದಕ್ಕೇ ಗೊತ್ತಾಗುವುದಿಲ್ಲ.

ರಾತ್ರಿ ಪಾಳಿ

ನಾನು ಅಪ್ಪ. ನಮ್ಮ ಮನೆಯಲ್ಲಿ ಇದೇ ತರಹ ಆಗಿತ್ತು, ಹಾಗಾಗಿ ಬರೆಯುತ್ತಿದ್ದೇನೆ. ಅಪ್ಪಂದಿರಿಗೆ ಹಾಲು ಕುಡಿಸಲು ಆಗುವುದಿಲ್ಲ, ಆದರೆ ಉಳಿದಿದ್ದೆಲ್ಲಾ ಆಗುತ್ತದೆ. ಸಂಜೆ ಮಲಗುವ ಹೊತ್ತಿನ ಕೆಲಸ ಪೂರ್ತಿ ನಾನು ತೆಗೆದುಕೊಂಡೆ. ಮೈ ಒರೆಸಿ ಬಟ್ಟೆ ಬದಲಿಸುವುದು, ದೀಪ ಸಣ್ಣ ಮಾಡುವುದು, ಆಮೇಲೆ ಅಮ್ಮನ ಹತ್ತಿರ ಹಾಲು, ಆಮೇಲೆ ನನ್ನ ಹೆಗಲ ಮೇಲೆ ತೇಗಿಸುವುದು, ಒಂದೇ ಹಾಡು. ದಿನಾ ಅದೇ ಸಾಲು, ಅದೇ ಹೊತ್ತು.

ರಾತ್ರಿ ಎದ್ದಾಗ ಮೊದಲು ನಾನು ಹೋಗುತ್ತಿದ್ದೆ. ಕೂಡಲೇ ಎತ್ತುತ್ತಿರಲಿಲ್ಲ. ಒಂದು ನಿಮಿಷ ನಿಂತು ನೋಡುವುದು. ಮಕ್ಕಳು ನಿದ್ದೆಯಲ್ಲೇ ಕುಂಯ್‌ಗುಟ್ಟುತ್ತಾರೆ, ಕಾಲು ಎತ್ತಿ ಬಡಿಯುತ್ತಾರೆ, ಕಣ್ಣೂ ಅರ್ಧ ತೆರೆಯುತ್ತಾರೆ, ಅದೆಲ್ಲಾ ಎಚ್ಚರ ಅಲ್ಲ. ನಾವು ಓಡಿಹೋಗಿ ಎತ್ತಿದರೆ ಆಗ ನಿಜವಾಗಿಯೂ ಎಚ್ಚರವಾಗುತ್ತದೆ. ಅಳು ಜೋರಾದರೆ ಎದೆಯ ಮೇಲೆ ಕೈ ಇಟ್ಟು ಶ್‌ಶ್ ಅಂದು ತಟ್ಟುವುದು. ಅದಕ್ಕೂ ಸುಮ್ಮನಾಗದಿದ್ದರೆ ಹಸಿವು ಎಂದೇ ಲೆಕ್ಕ, ಅಮ್ಮನ ಹತ್ತಿರ ಕೊಡುವುದು. ಯಾವ ರಾತ್ರಿಯೂ ಹಸಿದಿಟ್ಟು ಮಲಗಿಸಿಲ್ಲ.

ಇದು ಅಪ್ಪನ ಸಹಾಯ ಅಂತ ಅಲ್ಲ, ಮಗುವಿಗೂ ಒಳ್ಳೆಯದು. ಅಮ್ಮನ ಮೈಗೆ ಹಾಲಿನ ವಾಸನೆ ಇರುತ್ತದಲ್ವಾ, ಅವಳು ಎತ್ತಿಕೊಂಡರೆ ಹಸಿವಿಲ್ಲದಿದ್ದರೂ ಹಾಲೇ ಬೇಕು ಅನ್ನುತ್ತದೆ.

ತಿಳಿನೀರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಲಗುವ ಮುಂಚೆ ಒಂದು ಬಾಟಲ್ ಪುಡಿ ಹಾಲು ಕೊಟ್ಟರೆ ಹೊಟ್ಟೆ ಭಾರವಾಗಿ ಚೆನ್ನಾಗಿ ಮಲಗುತ್ತಾರೆ ಎಂದು ನಮ್ಮ ಮನೆಯಲ್ಲಿ ಹಾಗೇ ಮಾಡಿದೆವು. ಅಥವಾ ಐದು ತಿಂಗಳಿಗೇ ಊಟ ಶುರು ಮಾಡಬಹುದು. ತಾಯಿಗೆ ನಿದ್ದೆ ಇಲ್ಲದಿದ್ದರೆ ಮಗುವನ್ನು ನೋಡಿಕೊಳ್ಳುವುದು ಹೇಗೆ? ತಾಯಿಯನ್ನೂ ನೋಡಬೇಕು.

ಹಾಲೂಡಿಸುವ ಆಪ್ತಸಲಹೆಗಾರ್ತಿ

ತಿಳಿನೀರು ಅವರ ಕೊನೆಯ ಮಾತು ನೂರಕ್ಕೆ ನೂರು ಸರಿ. ಪುಡಿ ಹಾಲು ಕೊಡುವ ತಾಯಂದಿರನ್ನು ಯಾರೂ ಇಲ್ಲಿ ತಪ್ಪು ಅನ್ನಬಾರದು. ಆದರೆ ನಿದ್ದೆಗೋಸ್ಕರ ಎಂದು ಶುರು ಮಾಡುವುದಾದರೆ ಎರಡು ವಿಷಯ ತಿಳಿದಿರಲಿ.

ಎದೆಹಾಲು ಬೇಡಿಕೆಯ ಮೇಲೆ ನಡೆಯುತ್ತದೆ. ಎದೆ ಖಾಲಿಯಾದಷ್ಟೂ ಬೇಗ ತುಂಬುತ್ತದೆ, ತುಂಬಿಕೊಂಡೇ ಇದ್ದರೆ ಹಾಲು ಮಾಡುವ ವೇಗ ತಗ್ಗುತ್ತದೆ. ಬಾಟಲ್ ಕೊಟ್ಟ ಹೊತ್ತಿಗೆ ಪಂಪ್ ಮಾಡದಿದ್ದರೆ ದೇಹಕ್ಕೆ ಆ ಹಾಲು ಬೇಡ ಎಂದು ಅರ್ಥವಾಗುತ್ತದೆ. ಕೆಲಸಕ್ಕೆ ಹೋಗುವ ಮುಂಚೆ ಹಾಲು ಕಡಿಮೆ ಮಾಡಿಕೊಳ್ಳುವುದು ಚಿಗುರು ಅವರಿಗೆ ಅನುಕೂಲ ಅಲ್ಲ. ಇನ್ನೊಂದು, ಆರು ತಿಂಗಳಿಂದ ಒಂದು ವರ್ಷದ ಮಕ್ಕಳನ್ನು ಹೋಲಿಸಿ ನೋಡಿದಾಗ ಎದೆಹಾಲಿನವರು, ಪುಡಿ ಹಾಲಿನವರು ರಾತ್ರಿ ಏಳುವುದರಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ.

ಊಟದ ವಿಷಯ. ಇಂಗ್ಲೆಂಡಿನಲ್ಲಿ 1300ಕ್ಕೂ ಹೆಚ್ಚು ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬೇಗ ಊಟ ಶುರು ಮಾಡಿದ ಮಕ್ಕಳು ಸ್ವಲ್ಪ ಜಾಸ್ತಿ ಮಲಗಿದ್ದು ನಿಜ. ಎಷ್ಟು? ಆರು ತಿಂಗಳ ಹೊತ್ತಿಗೆ, ವ್ಯತ್ಯಾಸ ಎಲ್ಲಕ್ಕಿಂತ ಜಾಸ್ತಿ ಇದ್ದಾಗ, ರಾತ್ರಿಗೆ ಸುಮಾರು 17 ನಿಮಿಷ. ಅಷ್ಟಕ್ಕಾಗಿ ಅವಸರ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆರು ತಿಂಗಳವರೆಗೆ ಬರೀ ಎದೆಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಲ್ಲಿಯವರೆಗೆ ನೀರೂ ಬೇಡ. ಬಾಯಾರಿಕೆ ಎಂದು ರಾತ್ರಿ ನೀರು ಕುಡಿಸುವುದನ್ನು ಈಗಲೂ ಕೇಳುತ್ತೇನೆ. ಚಿಕ್ಕ ಹೊಟ್ಟೆಯಲ್ಲಿ ಹಾಲಿನ ಜಾಗವನ್ನು ನೀರು ತಿಂದುಹಾಕುತ್ತದೆ, ದಯವಿಟ್ಟು ಮಾಡಬೇಡಿ.

ಈಗ ನಾಲ್ಕು ತಿಂಗಳಲ್ಲಿ ನಿದ್ದೆ ಯಾಕೆ ಕೆಡುತ್ತದೆ ಎಂಬುದು. ನಿಜ ಹೇಳಬೇಕೆಂದರೆ ಕೆಡುವುದಿಲ್ಲ, ಬೆಳೆಯುತ್ತದೆ. ಎಳೆಗೂಸುಗಳ ನಿದ್ದೆಯಲ್ಲಿ ಹಂತಗಳು ಕಡಿಮೆ. ಮೂರು ನಾಲ್ಕು ತಿಂಗಳಿಗೆ ಅದು ದೊಡ್ಡವರ ನಿದ್ದೆಯ ಹಾಗೆ ಹಗುರ, ಗಾಢ ಎಂದು ಸುತ್ತು ಹೊಡೆಯಲು ಶುರುವಾಗುತ್ತದೆ. ಒಂದು ಸುತ್ತು ಮುಕ್ಕಾಲು ಗಂಟೆಯ ಆಚೀಚೆ. ಪ್ರತಿ ಸುತ್ತಿನ ಕೊನೆಗೆ ಒಂದು ಸಣ್ಣ ಎಚ್ಚರ. ಅದಕ್ಕೇ ನಿಮ್ಮ ಮಗಳ ಹಗಲು ನಿದ್ದೆ ನಲವತ್ತು ನಿಮಿಷಕ್ಕೆ ಮುಗಿಯುವುದು. ಆ ಎಚ್ಚರದಲ್ಲಿ ತಾನು ಮಲಗಿದಾಗ ಏನಿತ್ತೋ ಅದೇ ಇರಬೇಕು ಎಂದು ಹುಡುಕುತ್ತದೆ. ಎದೆ ಬಾಯಲ್ಲಿದ್ದಾಗ ಮಲಗಿತ್ತು, ಈಗ ಇಲ್ಲ, ಅಳು.

ಹಾಗೆಂದು ಎದೆ ಕೊಟ್ಟು ಮಲಗಿಸುವುದು ಕೆಟ್ಟ ಅಭ್ಯಾಸ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೀಪುವಾಗ ಮಗುವಿನ ಮೈಯಲ್ಲೂ ತಾಯಿಯ ಮೈಯಲ್ಲೂ ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಮಂಪರು ಬರಿಸುತ್ತದೆ. ರಾತ್ರಿಯ ಎದೆಹಾಲಿನಲ್ಲಿ ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಕೂಡ ಇರುತ್ತದೆ, ಹಗಲಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಪ್ರಕೃತಿಯೇ ಹಾಗೆ ಮಾಡಿಟ್ಟಿದೆ. ನಿಮಗೆ ತೊಂದರೆ ಇಲ್ಲದಿದ್ದರೆ ಬದಲಾಯಿಸುವ ಅಗತ್ಯವೇ ಇಲ್ಲ. ತೊಂದರೆ ಆಗುತ್ತಿದ್ದರೆ ಮಾತ್ರ, ಹಾಲು ಮತ್ತು ನಿದ್ದೆಯ ನಡುವೆ ಸ್ವಲ್ಪ ಜಾಗ ಬಿಡಬಹುದು. ಅದೂ ದಿನದಲ್ಲಿ ಒಂದು ನಿದ್ದೆಗೆ ಮಾತ್ರ, ಸಾಮಾನ್ಯವಾಗಿ ರಾತ್ರಿಯ ಮೊದಲ ನಿದ್ದೆಗೆ.

ಇಬ್ಬರ ತಾಯಿ ಹೇಳಿದ ಕ್ರಮವೇ ನನ್ನದೂ. ಒಂದು ಮಾತು ಸೇರಿಸುತ್ತೇನೆ. ಪಕ್ಕದ ಮನೆ ಮಗು ನಾಲ್ಕು ಗಂಟೆ ತಡೆಯುತ್ತದೆ, ನನ್ನದು ಯಾಕೆ ಇಲ್ಲ ಎಂದು ಕೊರಗಬೇಡಿ. ಒಂದು ಸಲಕ್ಕೆ ಎಷ್ಟು ಹಾಲು ಕೂಡಿಡಬಲ್ಲದು ಎಂಬುದು ಒಬ್ಬೊಬ್ಬರ ಎದೆಗೆ ಬೇರೆ, ದೊಡ್ಡ ಬಿಂದಿಗೆ ಸಣ್ಣ ಬಿಂದಿಗೆ ಇದ್ದ ಹಾಗೆ, ಎದೆಯ ಗಾತ್ರ ನೋಡಿ ಅದು ತಿಳಿಯುವುದಿಲ್ಲ. ಸಣ್ಣ ಬಿಂದಿಗೆಯ ತಾಯಿಯೂ ದಿನದ ಪೂರ್ತಿ ಹಾಲು ಕೊಡುತ್ತಾಳೆ, ಹೆಚ್ಚು ಸಲ ಕೊಡಬೇಕು ಅಷ್ಟೇ. ಬರೀ ಎದೆಹಾಲು ಕುಡಿಯುವ ಮಕ್ಕಳು ಒಂದರಿಂದ ಆರು ತಿಂಗಳವರೆಗೆ ದಿನಕ್ಕೆ ಸರಾಸರಿ 750ರಿಂದ 800 ಮಿ.ಲೀ. ಕುಡಿಯುತ್ತಾರೆ, ಅದರಲ್ಲಿ ಸುಮಾರು ಐದನೇ ಒಂದು ಭಾಗ ರಾತ್ರಿಯದು. ಈ ವಯಸ್ಸಿಗೆ ರಾತ್ರಿ ಒಂದೆರಡು ಸಲ, ಮೂರು ಸಲ ಹಾಲು ಕೇಳುವುದು ಏನೂ ವಿಶೇಷ ಅಲ್ಲ. ಆರೇಳು ಸಲದಿಂದ ಎರಡು ಮೂರಕ್ಕೆ ತರೋಣ. ಸೊನ್ನೆಗೆ ಈಗ ಬೇಡ.

ಚಿಗುರು

ಓದಿ ಎದೆ ಹಗುರಾಯಿತು. ರಾತ್ರಿ ನಿಲ್ಲಿಸುವ ಯೋಚನೆ ಬಿಟ್ಟೆ. ಹಗಲು ಕತ್ತಲೆ ಕೋಣೆ ಶುರು ಮಾಡುತ್ತೇನೆ. ಹಗಲು ನಿದ್ದೆಗೆ ಏನು ಮಾಡಲಿ? ಸುಸ್ತಾದರೆ ತಾನೇ ಮಲಗುತ್ತಾಳೆ ಎಂದು ಕಾದರೆ ರಚ್ಚೆ ಹಿಡಿಯುತ್ತಾಳೆ.

ಇಬ್ಬರ ತಾಯಿ

ರಚ್ಚೆ ಹಿಡಿದರೆ ಹೊತ್ತು ಮೀರಿದೆ ಎಂದರ್ಥ. ಈ ವಯಸ್ಸಿನವರು ಒಂದು ನಿದ್ದೆಯಿಂದ ಇನ್ನೊಂದಕ್ಕೆ ಒಂದೂವರೆಯಿಂದ ಎರಡು ಗಂಟೆ ಎಚ್ಚರ ಇರಬಲ್ಲರು, ಬೆಳಗಿನ ಮೊದಲ ಸುತ್ತು ಅದಕ್ಕೂ ಕಡಿಮೆ. ಗಡಿಯಾರವನ್ನೇ ನಂಬಬೇಡಿ, ಮುಖ ನೋಡಿ. ಹುಬ್ಬಿನ ಮೇಲೆ ಕೆಂಪಾಗುತ್ತದೆ, ನೋಟ ಎಲ್ಲೋ ನೆಟ್ಟು ನಿಲ್ಲುತ್ತದೆ, ಆಟದ ಸಾಮಾನು ಬೇಡ ಎಂದು ಮುಖ ತಿರುಗಿಸುತ್ತದೆ. ಕಣ್ಣುಜ್ಜುವ ಹೊತ್ತಿಗೆ ನೀವು ಆಗಲೇ ಕೋಣೆಯಲ್ಲಿರಬೇಕು.

ನಾಲ್ಕು ತಿಂಗಳಿಂದ ಒಂದು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ಹಗಲು ಮಲಗಿಸದಿದ್ದರೆ ರಾತ್ರಿ ಚೆನ್ನಾಗಿ ಮಲಗುತ್ತದೆ ಎಂಬ ಲೆಕ್ಕ ಈ ವಯಸ್ಸಿಗೆ ನಡೆಯುವುದಿಲ್ಲ, ಅತಿಯಾಗಿ ದಣಿದ ಮಗು ರಾತ್ರಿ ಇನ್ನೂ ಜಾಸ್ತಿ ಏಳುತ್ತದೆ. ಸಂಜೆಯ ಕೊನೆ ನಿದ್ದೆ ತೀರಾ ತಡವಾಗದಂತೆ ನೋಡಿಕೊಳ್ಳಿ, ಸಾಕು. ಬೆಳಿಗ್ಗೆ ಎದ್ದ ಕೂಡಲೇ ಬೆಳಕಿಗೆ ಕರೆದುಕೊಂಡು ಬನ್ನಿ, ರಾತ್ರಿ ಡೈಪರ್ ಬದಲಿಸುವಾಗ ದೊಡ್ಡ ದೀಪ ಹಾಕಬೇಡಿ, ಮಾತಾಡಿಸಬೇಡಿ. ಹಗಲು ಯಾವುದು ರಾತ್ರಿ ಯಾವುದು ಎಂದು ಕಲಿಯುವುದು ಹೀಗೇ.

ಹಸುಗೂಸಿನಮ್ಮ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಮಗನಿಗೆ ಈಗ ಐದು ವಾರ. ಸಂಜೆಯಾದರೆ ಬಿಟ್ಟೂ ಬಿಡದೆ ಕುಡಿಯುತ್ತಾನೆ, ಅರ್ಧ ಗಂಟೆಗೊಮ್ಮೆ. ನನ್ನ ಹಾಲು ಸಾಲುತ್ತಿಲ್ಲವಾ? ಇದೇ ದಿನಚರಿ ನಾನೂ ಶುರು ಮಾಡಬಹುದಾ?

ಹಾಲೂಡಿಸುವ ಆಪ್ತಸಲಹೆಗಾರ್ತಿ

ನಿಮಗೆ ಈಗ ಯಾವ ದಿನಚರಿಯೂ ಬೇಡ ಅಮ್ಮ. ಐದು ವಾರಕ್ಕೆ 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಯುವುದು ಸಹಜ. ಸಂಜೆ ಹೊತ್ತು ಗುಂಪಾಗಿ ಕುಡಿಯುವುದು ಈ ವಯಸ್ಸಿನಲ್ಲಿ ತುಂಬಾ ಸಾಮಾನ್ಯ, ಹಾಲು ಸಾಲುತ್ತಿಲ್ಲ ಎಂದಲ್ಲ. ಕೈ ಬಾಯಿಗೆ ತರುವುದು, ತುಟಿ ಚಪ್ಪರಿಸುವುದು, ತಲೆ ಆ ಕಡೆ ಈ ಕಡೆ ತಿರುಗಿಸಿ ಹುಡುಕುವುದು ಕಂಡರೆ ಕೊಡಿ. ಅಳು ಬರುವವರೆಗೆ ಕಾಯಬೇಡಿ, ಅತ್ತ ಮೇಲೆ ಬಾಯಿಗೆ ಸರಿಯಾಗಿ ಹಿಡಿಯುವುದೇ ಕಷ್ಟ. ದಿನಕ್ಕೆ ಆರು ಡೈಪರ್‌ಗಿಂತ ಕಡಿಮೆ ಒದ್ದೆಯಾದರೆ, ತೂಕ ಏರದಿದ್ದರೆ, ಕುಡಿಯಲು ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವುದೇ ಬೇಡ, ಆಗಲೇ ಹೊರಡಿ.

ರಾತ್ರಿ ಪಾಳಿ

ಇಬ್ಬರಿಗೂ ಒಂದು ಮಾತು. ರಾತ್ರಿ ಹಾಲು ಕೊಡುವಾಗ ನಿದ್ದೆ ತಡೆಯಲಾಗದೆ ಸೋಫಾ ಮೇಲೆ, ಒರಗುಕುರ್ಚಿಯಲ್ಲಿ ಮಗುವನ್ನು ಎದೆಗೆ ಹಾಕಿಕೊಂಡೇ ಮಲಗಿಬಿಡುತ್ತಾರೆ. ಅದು ತುಂಬಾ ಅಪಾಯ, ಮಗು ಸಂದಿಯಲ್ಲಿ ಸಿಕ್ಕಿ ಉಸಿರು ಕಟ್ಟಬಹುದು. ನಿದ್ದೆ ಬರುತ್ತಿದೆ ಅನ್ನಿಸಿದರೆ ಮನೆಯಲ್ಲಿ ಇನ್ನೊಬ್ಬರನ್ನು ಎಬ್ಬಿಸಿ, ನಾಚಿಕೆ ಬೇಡ. ಮಗುವನ್ನು ಅಂಗಾತ, ಗಟ್ಟಿ ಸಮತಟ್ಟಾದ ಹಾಸಿಗೆ ಮೇಲೆ, ದಿಂಬು ಕಂಬಳಿ ಗೊಂಬೆ ಇಲ್ಲದೆ, ನಿಮ್ಮದೇ ಕೋಣೆಯಲ್ಲಿ ಅದರ ಸ್ವಂತ ಜಾಗದಲ್ಲಿ ಮಲಗಿಸಿ. ಚಿಗುರು ಅವರೇ, ಮಗಳು ಮಗುಚಿಕೊಳ್ಳಲು ಕಲಿಯುತ್ತಿದ್ದಾಳೆ ಅಂದಿರಿ, ಇನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದನ್ನು ಪೂರ್ತಿ ಬಿಟ್ಟುಬಿಡಿ.

ಚಿಗುರು

ಸುತ್ತುವುದನ್ನು ಬಿಟ್ಟೆವು. ಹಗಲು ಹಾಲು ನಿಧಾನಕ್ಕೆ ಸುಧಾರಿಸಿದೆ. ಎದ್ದ ತಕ್ಷಣ ಕತ್ತಲಲ್ಲಿ ಕೊಟ್ಟರೆ ಎರಡೂ ಕಡೆ ಕುಡಿಯುತ್ತಾಳೆ, ನುಂಗುವ ಸದ್ದು ಕೇಳಿಸುತ್ತದೆ. ಸಂಜೆ ಮನೆ ತುಂಬಾ ಜನ ಇದ್ದಾಗ ಮಾತ್ರ ಈಗಲೂ ಆಗುವುದಿಲ್ಲ. ರಾತ್ರಿ ಮೊದಲ ನಿದ್ದೆ ಮೂರು ಗಂಟೆ ದಾಟುತ್ತಿದೆ, ಆಮೇಲೆ ಮಾತ್ರ ಹಳೇ ಕಥೆ, ಅದರಲ್ಲೂ ಬೆಳಗಿನ ಜಾವ. ಈಗ ರಾತ್ರಿಯದನ್ನು ಹೇಗೆ ಕಡಿಮೆ ಮಾಡುವುದು? ಇವರೂ ಎದ್ದು ನೋಡಿಕೊಳ್ಳಲು ತಯಾರಿದ್ದಾರೆ.

ಇಬ್ಬರ ತಾಯಿ

ಎಲ್ಲಾ ಸಲವೂ ಒಟ್ಟಿಗೆ ಬೇಡ. ಯಾವ ಸಲ ಬರೀ ಚೀಪುತ್ತಾಳೆ, ನುಂಗುವುದಿಲ್ಲ ಎಂದು ನೋಡಿ. ಅದನ್ನೇ ಆರಿಸಿ. ಹಿಂದಿನ ಸಲ ಕುಡಿದು ಒಂದು ಗಂಟೆಯೂ ಆಗಿಲ್ಲ ಎಂಬುದು ಸಾಮಾನ್ಯವಾಗಿ ಅಂಥದ್ದು. ಆ ಸಲಕ್ಕೆ ಅವರಪ್ಪ ಹೋಗಲಿ. ತಟ್ಟಿದರೂ ಸುಮ್ಮನಾಗದಿದ್ದರೆ ಹಾಲು ಕೊಡಿ, ನಾಳೆ ನೋಡಿದರಾಯಿತು. ಇನ್ನೊಂದು ಸಲವನ್ನು ಕೆಲವು ರಾತ್ರಿಗೊಮ್ಮೆ ಒಂದೆರಡು ನಿಮಿಷ ಕಡಿಮೆ ಮಾಡುತ್ತಾ ಬನ್ನಿ. ಮಿಕ್ಕವು ಇದ್ದ ಹಾಗೇ ಇರಲಿ. ನೀವು ಮಲಗಲು ಹೋಗುವ ಮುಂಚೆ, ಅವಳು ನಿದ್ದೆಯಲ್ಲಿದ್ದಾಗಲೇ ಮೆಲ್ಲಗೆ ಎತ್ತಿ ಒಂದು ಸಲ ಕುಡಿಸಿ ನೋಡಬಹುದು, ಕೆಲವು ಮಕ್ಕಳಿಗೆ ಅದು ಒಗ್ಗುತ್ತದೆ, ಕೆಲವರು ಪೂರ್ತಿ ಎದ್ದುಬಿಡುತ್ತಾರೆ. ಎದ್ದರೆ ಬಿಟ್ಟುಬಿಡಿ. ಬೆಳಗಿನ ಜಾವದ ನಿದ್ದೆ ಎಲ್ಲಾ ಮಕ್ಕಳದೂ ಹಗುರ, ಅದನ್ನು ಕೊನೆಗೆ ಮುಟ್ಟಿ. ಹುಷಾರಿಲ್ಲದಾಗ, ಲಸಿಕೆ ಹಾಕಿಸಿದ ದಿನ ಇದೆಲ್ಲಾ ನಿಲ್ಲಿಸಿ, ಕೇಳಿದಷ್ಟು ಕೊಡಿ.

ಹಾಲೂಡಿಸುವ ಆಪ್ತಸಲಹೆಗಾರ್ತಿ

ನಿಮ್ಮ ಎದೆಯ ಕಡೆಗೂ ಗಮನ ಇರಲಿ. ಗಂಟು ಕಟ್ಟಿದ ಹಾಗೆ ನೋವಾದರೆ ಬಿಗಿ ಸಡಿಲವಾಗುವಷ್ಟು ಮಾತ್ರ ಕೈಯಿಂದ ಹಿಂಡಿ ತೆಗೆಯಿರಿ, ಪೂರ್ತಿ ಖಾಲಿ ಮಾಡಿದರೆ ಆ ಹೊತ್ತಿಗೆ ಮತ್ತೆ ತುಂಬುತ್ತದೆ. ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ, ಆ ಕಡೆ ಹಾಲು ಕೊಡುವುದನ್ನು ನಿಲ್ಲಿಸಬೇಡಿ.

ಇದರ ಜೊತೆ ಇನ್ನೊಂದು, ಯಾರೂ ಹೇಳದ ವಿಷಯ. ಬರೀ ಎದೆಹಾಲು ಕೊಡುತ್ತಿದ್ದು, ಮುಟ್ಟು ಇನ್ನೂ ಶುರುವಾಗದೆ, ಮಗುವಿಗೆ ಆರು ತಿಂಗಳೊಳಗಿದ್ದರೆ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಆದರೆ ಅದಕ್ಕೆ ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಜಾಸ್ತಿ ಬಿಡುವು ಇರಬಾರದು. ರಾತ್ರಿಯ ಬಿಡುವು ಉದ್ದವಾಗುತ್ತಿದ್ದ ಹಾಗೆ, ಕೆಲಸಕ್ಕೆ ಹೋದಾಗಲೂ, ಆ ರಕ್ಷಣೆಯನ್ನೇ ನೆಚ್ಚಿಕೊಳ್ಳಬೇಡಿ. ನಿಮ್ಮ ಡಾಕ್ಟರ ಹತ್ತಿರ ಬೇರೆ ಉಪಾಯ ಮಾತಾಡಿ.

ಚಿಗುರು

ಇದು ನನಗೆ ಗೊತ್ತೇ ಇರಲಿಲ್ಲ, ತುಂಬಾ ಉಪಕಾರವಾಯಿತು. ಕೊನೆಯದಾಗಿ ಕೆಲಸದ ವಿಷಯ. ಹೋಗಿ ಬರುವುದು ಸೇರಿ ಒಂಬತ್ತು ಗಂಟೆ ಮನೆಯಲ್ಲಿ ಇರುವುದಿಲ್ಲ. ಎಷ್ಟು ಹಾಲು ಇಟ್ಟು ಹೋಗಬೇಕು?

ಹಾಲೂಡಿಸುವ ಆಪ್ತಸಲಹೆಗಾರ್ತಿ

ನೀವಿಲ್ಲದ ಪ್ರತಿ ಗಂಟೆಗೆ 30ರಿಂದ 45 ಮಿ.ಲೀ. ಎಂದು ಲೆಕ್ಕ ಇಟ್ಟುಕೊಳ್ಳಿ. ಒಂಬತ್ತು ಗಂಟೆಗೆ 270ರಿಂದ 400ರ ಒಳಗೆ. ಒಂದೇ ಬಾಟಲಿನಲ್ಲಿ ಬೇಡ, 60ರಿಂದ 100 ಮಿ.ಲೀ. ಹಾಗೆ ಸಣ್ಣ ಸಣ್ಣದಾಗಿ ಇಡಿ, ಉಳಿದರೆ ಜಾಸ್ತಿ ಚೆಲ್ಲುವುದು ತಪ್ಪುತ್ತದೆ. ಹಿಂಡಿದ ಹಾಲು 25 ಡಿಗ್ರಿ ಮೀರದ ಕೋಣೆಯಲ್ಲಿ 4 ಗಂಟೆ, ಫ್ರಿಡ್ಜಿನ ಒಳಭಾಗದಲ್ಲಿ 4 ದಿನ ಇರುತ್ತದೆ, ಬಾಗಿಲಿನಲ್ಲಿ ಇಡಬೇಡಿ. ಬಿಸಿ ಮಾಡಲು ಬಾಟಲನ್ನು ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಸಾಕು, ಮೈಕ್ರೋವೇವ್ ಬೇಡವೇ ಬೇಡ. ಮಗು ಬಾಯಿ ಹಾಕಿ ಬಿಟ್ಟ ಹಾಲನ್ನು 2 ಗಂಟೆ ಮೀರಿ ಇಡಬಾರದು.

ಕೆಲಸದಲ್ಲಿ ಮೂರು ಗಂಟೆಗೊಮ್ಮೆ ಪಂಪ್ ಮಾಡಿ. ಬಾಟಲ್ ಅಭ್ಯಾಸವನ್ನು ಈಗಲೇ ಶುರು ಮಾಡಿ, ಕೊಡುವುದು ನೀವಲ್ಲ, ಮನೆಯವರು, ಸಾಧ್ಯವಾದರೆ ನೀವು ಆ ಕೋಣೆಯಲ್ಲೇ ಇರಬೇಡಿ. ಮಗುವನ್ನು ಸ್ವಲ್ಪ ನೆಟ್ಟಗೆ ಕೂರಿಸಿಕೊಂಡು, ಬಾಟಲನ್ನು ಅಡ್ಡಕ್ಕೆ ಹಿಡಿದು, ನಡುನಡುವೆ ನಿಲ್ಲಿಸುತ್ತಾ ಕುಡಿಸಲಿ. ಕೆಲಸ ಶುರುವಾದ ಹೊಸದರಲ್ಲಿ ಹಗಲು ಬಾಟಲ್ ಕಡಿಮೆ ಕುಡಿದು ನೀವು ಬಂದ ಮೇಲೆ ರಾತ್ರಿ ಜಾಸ್ತಿ ಕೇಳಬಹುದು, ಅದಕ್ಕೆ ಮೊದಲೇ ತಯಾರಾಗಿರಿ. ಬೆಳಿಗ್ಗೆ ಹೊರಡುವ ಮುಂಚೆ ಒಂದು ಸಲ, ಬಂದ ಕೂಡಲೇ ಒಂದು ಸಲ ಪೂರ್ತಿ ಕುಡಿಸಿ. ನೀವು ಬರುವ ಹೊತ್ತು ಹತ್ತಿರವಾದಾಗ ಬಾಟಲ್ ಕೊಡಬೇಡಿ ಎಂದು ಮನೆಯಲ್ಲಿ ಹೇಳಿಡಿ.